ಅಕ್ಟೋಬರಿನ ಖಾತೆಯೇ ಬೇರೆ

ಮಾನ್ಯರೇ,

ಪಿಟ್ಸ್‌ಬರ್ಗಿನ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಧಾರವಾಡಕ್ಕೆ ಮರಳಿದ ಮೇಲೆ ತಾವು ಬರೆದ ಪತ್ರ ತಲುಪಿದೆ. ಆರು ತಿಂಗಳಲ್ಲಿ 162 ಪಂದ್ಯಗಳನ್ನಾಡಿ ಎಲ್ಲರಿಗಿಂತ ಹೆಚ್ಚು ಗೆದ್ದ ಬೇಸ್‌ಬಾಲ್ ತಂಡವನ್ನು ಅಕ್ಟೋಬರಿನ ಒಂದೇ ವಾರದಲ್ಲಿ ಮನೆಗೆ ಕಳಿಸುವುದು ಯಾವ ಸೀಮೆಯ ನ್ಯಾಯ ಎಂದು ತಾವು ಕೇಳಿದ್ದೀರಿ. 2025ರ ಅಕ್ಟೋಬರ್ 13ರಂದು ಅಳಿಯಂದಿರು ತಮ್ಮನ್ನು ಊರಿನ ಒಂದು ಹಳೆಯ ಇಟ್ಟಿಗೆ ಗೋಡೆಯ ಬಳಿಗೆ ಕರೆದೊಯ್ದಾಗ, ಅಲ್ಲಿ ಜನ ಕುರ್ಚಿ ಹಾಕಿಕೊಂಡು 65 ವರ್ಷ ಹಿಂದಿನ ಪಂದ್ಯವೊಂದರ ರೇಡಿಯೊ ವಿವರಣೆಯನ್ನು ಕೇಳುತ್ತಿದ್ದುದನ್ನು ಕಂಡು, ಫಲಿತಾಂಶ ಗೊತ್ತಿರುವ ಆಟದಲ್ಲಿ ಇವರಿಗೆ ಸಿಗುವುದಾದರೂ ಏನು ಎಂದು ಬೆರಗಾದದ್ದನ್ನೂ ಬರೆದಿದ್ದೀರಿ. ಹೊಸಬರು ಯಾವ ಪಂದ್ಯದಿಂದ ನೋಡಲು ತೊಡಗಬೇಕು ಎಂಬುದು ತಮ್ಮ ಕಡೆಯ ಪ್ರಶ್ನೆ. ನಾನು ಬಹುಕಾಲದಿಂದ ಈ ಆಟದ ಹಿಂದೆ ಬಿದ್ದವನಾದ್ದರಿಂದ ಉತ್ತರ ತುಸು ಉದ್ದವಾಗಿದೆ, ಸೈರಿಸಿಕೊಳ್ಳಬೇಕು.

ತಮ್ಮ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಅದನ್ನು ಇನ್ನಷ್ಟು ಗಟ್ಟಿಗೊಳಿಸುವ ಪುರಾವೆಗಳೇ ನನ್ನ ಬಳಿ ಇವೆ. 2023ರಲ್ಲಿ ಅಟ್ಲಾಂಟಾ ಬ್ರೇವ್ಸ್ 104, ಬಾಲ್ಟಿಮೋರ್ ಓರಿಯೋಲ್ಸ್ 101, ಲಾಸ್ ಏಂಜಲಿಸ್ ಡಾಡ್ಜರ್ಸ್ 100 ಪಂದ್ಯಗಳನ್ನು ಗೆದ್ದು ಅಕ್ಟೋಬರಿಗೆ ಬಂದವು; ಮೂರೂ ತಂಡಗಳು ತಾವಾಡಿದ ಮೊದಲ ಸರಣಿಯಲ್ಲೇ ಸೋತವು, ಮೂರೂ ಸೇರಿ ಗೆದ್ದದ್ದು ಒಂದೇ ಪಂದ್ಯ. ಒಂದು ಋತುವಿನಲ್ಲಿ ಅತಿ ಹೆಚ್ಚು, ಅಂದರೆ 116 ಪಂದ್ಯಗಳನ್ನು ಗೆದ್ದ ದಾಖಲೆ ಇರುವುದು ಎರಡು ತಂಡಗಳಿಗೆ: 1906ರ ಶಿಕಾಗೊ ಕಬ್ಸ್ ಮತ್ತು 2001ರ ಸಿಯಾಟಲ್ ಮ್ಯಾರಿನರ್ಸ್. ಕಬ್ಸ್ ತಂಡವು ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಎರಡು ಲೀಗುಗಳ ವಿಜೇತರು ಸೆಣಸುವ ಅಂತಿಮ ಸರಣಿಯಲ್ಲಿ, ತನ್ನದೇ ಊರಿನ ವೈಟ್ ಸಾಕ್ಸ್‌ಗೆ ಸೋತಿತು. ಆ ವೈಟ್ ಸಾಕ್ಸ್‌ನ ಬ್ಯಾಟಿಂಗ್ ಸರಾಸರಿಯಾದರೋ ಅದರ ಲೀಗಿನಲ್ಲೇ ಅತ್ಯಂತ ಕೆಳಗಿನದು. ಮ್ಯಾರಿನರ್ಸ್ ಅಲ್ಲಿಯವರೆಗೂ ಹೋಗಲಿಲ್ಲ. ಅದಕ್ಕೆ ಹಿಂದಿನ ಸುತ್ತಿನಲ್ಲೇ ನ್ಯೂಯಾರ್ಕ್ ಯಾಂಕೀಸ್ ಎದುರು ಮುಗ್ಗರಿಸಿತು. 2006ರಲ್ಲಿ ಮಾತ್ರ ಕೇವಲ 83 ಪಂದ್ಯ ಗೆದ್ದಿದ್ದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪಟ್ಟವೇರಿತು.

ಹೀಗಾಗುವುದಕ್ಕೆ ಆಟದ ಗುಣವೇ ಕಾರಣ. ನೂರು ಪಂದ್ಯ ಗೆದ್ದ ತಂಡವನ್ನು ಅಸಾಧಾರಣವೆಂದು ಹೊಗಳುತ್ತೇವೆ, ಆದರೆ ಅದೂ 62 ಬಾರಿ ಸೋತಿರುತ್ತದೆ. ಅರವತ್ತೇ ಗೆದ್ದದ್ದನ್ನು ಕಳಪೆ ಎನ್ನುತ್ತೇವೆ. ಉತ್ತಮಕ್ಕೂ ಕಳಪೆಗೂ ಇರುವ ಅಂತರ ಇಷ್ಟು ಕಿರಿದಾದ ಆಟದಲ್ಲಿ ಐದು ಪಂದ್ಯಗಳ ಸರಣಿಯಿಂದ ಯೋಗ್ಯತೆಯನ್ನು ಅಳೆಯಲಾಗದು. ಅದಲ್ಲದೆ ಅಕ್ಟೋಬರಿನ ಆಟದ ರೀತಿಯೂ ಬೇರೆ. ಬೇಸಗೆಯುದ್ದಕ್ಕೂ ಹೆಚ್ಚುಕಡಿಮೆ ದಿನವೂ ಪಂದ್ಯವಿರುವುದರಿಂದ ಪಂದ್ಯ ಆರಂಭಿಸುವ ಪಿಚರ್‌ಗಳು (ಚೆಂಡೆಸೆಯುವವರು) ಸಾಮಾನ್ಯವಾಗಿ ಐವರು ಬೇಕಾಗುತ್ತಾರೆ. ಪೋಸ್ಟ್‌ಸೀಸನ್‌ನಲ್ಲಿ, ಅಂದರೆ ಅಕ್ಟೋಬರಿನ ನಾಕೌಟ್ ಸುತ್ತುಗಳಲ್ಲಿ, ನಡುನಡುವೆ ಬಿಡುವಿನ ದಿನಗಳಿರುವುದರಿಂದ ಮೂವರು ಅಥವಾ ನಾಲ್ವರಲ್ಲೇ ನಿಭಾಯಿಸಬಹುದು. ಆಗ ಹನ್ನೆರಡು ಒಳ್ಳೆಯ ಪಿಚರ್‌ಗಳಿರುವ ತಂಡಕ್ಕಿಂತ ಇಬ್ಬರು ಅಸಾಮಾನ್ಯರಿರುವ ತಂಡವೇ ಭಯಂಕರವಾಗುತ್ತದೆ.

ನನ್ನ ಮಟ್ಟಿಗೆ, ಇವೆರಡೂ ಬೇರೆಬೇರೆ ಖಾತೆಗಳು. ಯಾವ ತಂಡ ಬಲವಾದದ್ದು ಎಂಬ ಪ್ರಶ್ನೆಗೆ 162 ಪಂದ್ಯಗಳು ಪ್ರಾಮಾಣಿಕವಾಗಿ ಉತ್ತರ ಹೇಳಿ ಮುಗಿಸಿರುತ್ತವೆ. ಪೋಸ್ಟ್‌ಸೀಸನ್ ಕೇಳುವುದು ಆ ಪ್ರಶ್ನೆಯನ್ನಲ್ಲ. ಇಂತಿಂಥ ದಿನ, ಇಂತಿಂಥವರ ಎದುರು, ಈ ಒಂದು ಚೆಂಡಿಗೆ ಯಾರು ಏನು ಮಾಡಿದರು ಎಂಬುದನ್ನಷ್ಟೇ ಅದು ಬರೆದಿಟ್ಟುಕೊಳ್ಳುತ್ತದೆ. ಅಭಿಮಾನಿಯ ಸುಖವೂ ಅಲ್ಲಿಯೇ ಇದೆ. ಬಲಿಷ್ಠರೇ ಗೆಲ್ಲುವುದು ಖಚಿತವಾಗಿದ್ದರೆ ಸೆಪ್ಟೆಂಬರ್ ಕೊನೆಗೆ ಅಂಕಪಟ್ಟಿ ನೋಡಿ ಟೀವಿ ಆರಿಸಬಹುದಿತ್ತು.

ಮೊದಲು ಈ ಖಾತೆ ಬಹಳ ಚಿಕ್ಕದಿತ್ತು. 1903ರಲ್ಲಿ ಬಾಸ್ಟನ್ ಮತ್ತು ಪಿಟ್ಸ್‌ಬರ್ಗ್ ತಂಡಗಳ ನಡುವೆ ಮೊದಲ ವರ್ಲ್ಡ್ ಸೀರೀಸ್ ನಡೆಯಿತು. ಮರುವರ್ಷ ನ್ಯೂಯಾರ್ಕ್ ಜಯಂಟ್ಸ್ ತಂಡ ಎದುರಾಳಿ ಲೀಗನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಆಡಲು ಒಲ್ಲೆನೆಂದಿತು. ಆ ಬಳಿಕ ಸರಣಿ ತಪ್ಪಿದ್ದು ಆಟಗಾರರ ಮುಷ್ಕರದಿಂದಾಗಿ 1994ರಲ್ಲಿ ಮಾತ್ರ. ಎರಡು ಮಹಾಯುದ್ಧಗಳೂ ಅದನ್ನು ನಿಲ್ಲಿಸಿರಲಿಲ್ಲ. 1968ರವರೆಗೆ ಪ್ರತಿ ಲೀಗಿನ ಅಗ್ರ ತಂಡ ನೇರವಾಗಿ ಅಂತಿಮ ಸರಣಿಗೆ ಹೋಗುತ್ತಿತ್ತು, ತಮ್ಮ ನ್ಯಾಯದ ಪ್ರಶ್ನೆಗೆ ಆಗ ಇಷ್ಟು ಮೊನಚಿರಲಿಲ್ಲ. 1969ರಲ್ಲಿ ಒಂದು ಸುತ್ತು ಸೇರಿತು, 1995ರಲ್ಲಿ ಇನ್ನೊಂದು. 2022ರಿಂದ ಒಟ್ಟು 12 ತಂಡಗಳಿಗೆ ಪ್ರವೇಶ ಸಿಕ್ಕಿದೆ. ನಮ್ಮ ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದವರಿಗೆ ಸೋತರೂ ಮತ್ತೊಂದು ಅವಕಾಶವಿದೆ. ಬೇಸ್‌ಬಾಲಿನಲ್ಲಿ ಪ್ರತಿ ಲೀಗಿನ ಮೊದಲೆರಡು ತಂಡಗಳಿಗೆ ಮೂರು ಪಂದ್ಯಗಳ ಮೊದಲ ಸುತ್ತಿನಿಂದ ವಿನಾಯಿತಿ ಸಿಗುತ್ತದೆಯೇ ಹೊರತು, ಸೋತವರಿಗೆ ಮರುಬಾಗಿಲಿಲ್ಲ. ಈ ವಿಸ್ತರಣೆ ಟೀವಿ ಹಣಕ್ಕಾಗಿ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ, ಹತ್ತು ತಂಡಗಳಿಗೇ ನಿಲ್ಲಿಸಬೇಕಿತ್ತು. ಅಲ್ಲಿಯವರೆಗೆ ತಮ್ಮ ಆಕ್ಷೇಪಕ್ಕೆ ನಾನೂ ಸಹಿ ಹಾಕುತ್ತೇನೆ.

ಇನ್ನು ಆ ಗೋಡೆ. ಅದು ಫೋರ್ಬ್ಸ್ ಫೀಲ್ಡ್ ಎಂಬ ಮೈದಾನದ ಹೊರಗೋಡೆ. ಮೈದಾನವನ್ನು ಕೆಡವಿದ ಮೇಲೂ ಒಂದು ಭಾಗ ಉಳಿದಿದೆ. 1960ರ ವರ್ಲ್ಡ್ ಸೀರೀಸ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಎದುರಿಸಿದ್ದು ಯಾಂಕೀಸ್ ತಂಡವನ್ನು. ಯಾಂಕೀಸ್ ತಾನು ಗೆದ್ದ ಮೂರು ಪಂದ್ಯಗಳನ್ನು 16-3, 10-0, 12-0 ಅಂತರದಲ್ಲಿ ಗೆದ್ದಿತು. ಪೈರೇಟ್ಸ್ ಗೆದ್ದದ್ದು 6-4, 3-2, 5-2ರಲ್ಲಿ. ಏಳನೆಯದು ನಿರ್ಣಾಯಕ. ಎಂಟನೆಯ ಇನ್ನಿಂಗ್ಸ್‌ನಲ್ಲಿ ಪೈರೇಟ್ಸ್ 7-4ರಿಂದ ಹಿಂದಿದ್ದಾಗ, ಒಂದೇ ಏಟಿಗೆ ಇಬ್ಬರನ್ನು ಔಟ್ ಮಾಡಬಹುದಾಗಿದ್ದ ನೆಲದ ಚೆಂಡೊಂದು ದಿಢೀರನೆ ಪುಟಿದು ಯಾಂಕೀಸ್‌ನ ಟೋನಿ ಕ್ಯೂಬೆಕ್ ಗಂಟಲಿಗೆ ಬಡಿಯಿತು. ಅಲ್ಲಿಂದ ಆಟ ತಿರುಗಿ 9-7 ಆಯಿತು, ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಯಾಂಕೀಸ್ ಅದನ್ನು 9-9ಕ್ಕೆ ತಂದಿತು. ಆಗ ಬ್ಯಾಟ್ ಹಿಡಿದು ಬಂದವರು ಬಿಲ್ ಮ್ಯಾಜರೋಸ್ಕಿ. ಎರಡನೆಯ ಬೇಸ್ ಬಳಿ ಫೀಲ್ಡಿಂಗ್ ಮಾಡುವುದಕ್ಕೆ ಹೆಸರಾದವರೇ ಹೊರತು ಬ್ಯಾಟಿಂಗಿಗಲ್ಲ. ರಾಲ್ಫ್ ಟೆರಿ ಎಸೆದ ಎರಡನೆಯ ಚೆಂಡು ಎಡಭಾಗದ ಗೋಡೆಯಾಚೆ ಹೋಯಿತು. ಆಗ ಗಂಟೆ 3.36. ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ ಹೀಗೆ ಗೋಡೆ ದಾಟುವ ಹೊಡೆತದಿಂದ, ಅಂದರೆ ಹೋಮ್ ರನ್‌ನಿಂದ, ಕೊನೆಗೊಂಡದ್ದು ಇಂದಿಗೂ ಅದೊಂದೇ. ಏಳು ಪಂದ್ಯಗಳಲ್ಲಿ ಯಾಂಕೀಸ್ 55 ರನ್, ಪೈರೇಟ್ಸ್ 27. ಪಟ್ಟ ಮಾತ್ರ 27 ರನ್ ಮಾಡಿದವರಿಗೆ. ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಸೋತ ತಂಡದ ಬಾಬಿ ರಿಚರ್ಡ್‌ಸನ್‌ಗೆ ಸಂದಿತು, ಹಾಗಾದದ್ದೂ ಅದೊಮ್ಮೆಯೇ.

ಗೋಡೆಯ ಬಳಿ ಸೇರುವವರು ಧ್ವನಿಮುದ್ರಿಕೆಯನ್ನು ಹೋಮ್ ರನ್ ಸರಿಯಾಗಿ 3.36ಕ್ಕೆ ಬರುವಂತೆ ಹಚ್ಚುತ್ತಾರೆ. ಆ ಪಂದ್ಯದ ಟೀವಿ ಚಿತ್ರ ಕಳೆದೇಹೋಯಿತೆಂದು ದಶಕಗಳ ಕಾಲ ನಂಬಲಾಗಿತ್ತು. ತಂಡದ ಪಾಲುದಾರರಾಗಿದ್ದ ಗಾಯಕ ಬಿಂಗ್ ಕ್ರಾಸ್ಬಿ, ಆತಂಕ ತಾಳಲಾರದೆ ಪ್ಯಾರಿಸ್‌ಗೆ ಹೋಗಿ ಕುಳಿತು, ಪಂದ್ಯವನ್ನು ಚಿತ್ರೀಕರಿಸಿಡಲು ಏರ್ಪಾಡು ಮಾಡಿದ್ದರಿಂದ ಅವರ ಮನೆಯ ನೆಲಮಾಳಿಗೆಯಲ್ಲಿ ಅದು 2009ರಲ್ಲಿ ಸಿಕ್ಕಿತು. ಇಷ್ಟೆಲ್ಲ ಆದರ ಏಕೆಂದರೆ, ಫಲಿತಾಂಶ ತಿಳಿದವರಿಗೆ ಆಮೇಲೆ ಕೇಳಿಸುವುದು ತಿರುವುಗಳು: ಕ್ಯೂಬೆಕ್‌ಗೆ ಬಡಿದ ಚೆಂಡು ನೇರವಾಗಿ ಕೈಗೆ ಬಂದಿದ್ದರೆ ಎಂಬ ಯೋಚನೆ ಪ್ರತಿ ವರ್ಷವೂ ಹೊಸತಾಗಿಯೇ ಬರುತ್ತದೆ. ಪೈರೇಟ್ಸ್ ಕೊನೆಯ ಬಾರಿ ಪಟ್ಟ ಗೆದ್ದದ್ದು 1979ರಲ್ಲಿ, 2015ರ ಬಳಿಕ ಈವರೆಗೆ ಅಕ್ಟೋಬರಿನ ಆಟಕ್ಕೆ ಕಾಲಿಟ್ಟಿಲ್ಲ ಎಂಬುದನ್ನೂ ಗಮನಿಸಬೇಕು. ಹಸಿದ ಊರು ಹಳೆಯ ಹಬ್ಬವನ್ನು ನೆನೆಯುತ್ತದೆ.

ಈ ಖಾತೆ ಕ್ರೂರವೂ ಹೌದು. 1986ರ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಬಾಸ್ಟನ್‌ನ ಬಿಲ್ ಬಕ್ನರ್ ಕಾಲಡಿಯಲ್ಲಿ ಚೆಂಡು ನುಸುಳಿದ್ದೇ ಸೋಲಿಗೆ ಕಾರಣವೆಂದು ಲೋಕ ಅವರನ್ನು ವರ್ಷಗಟ್ಟಲೆ ಹಳಿಯಿತು. ಆದರೆ ಅದಕ್ಕೆ ಮುಂಚೆಯೇ ಪಿಚರ್‌ನ ದಾರಿತಪ್ಪಿದ ಎಸೆತದಿಂದ ಅಂಕ ಸಮವಾಗಿತ್ತು. ಏಳನೆಯ ಪಂದ್ಯದಲ್ಲೂ ಬಾಸ್ಟನ್ 3-0 ಮುನ್ನಡೆಯನ್ನು ಕೈಬಿಟ್ಟಿತು. 2004ರಲ್ಲಿ ವರ್ಲ್ಡ್ ಸೀರೀಸ್‌ಗೆ ಹಿಂದಿನ ಸುತ್ತಿನಲ್ಲಿ ಯಾಂಕೀಸ್ ಎದುರು 0-3ರಿಂದ ಹಿಂದಿದ್ದು ಸತತ ನಾಲ್ಕು ಪಂದ್ಯ ಗೆದ್ದು, ಆಮೇಲೆ 1918ರ ಬಳಿಕ ಮೊದಲ ಪಟ್ಟ ಪಡೆದ ಮೇಲಷ್ಟೇ ಬಾಸ್ಟನ್‌ನ ಕೋಪ ತಣಿಯಿತು. ಕಬ್ಸ್ ಅಭಿಮಾನಿಗಳಂತೂ 1908ರಿಂದ 2016ರವರೆಗೆ ಕಾದರು. 18ನೆಯ ಋತುವಿಗೆ ಕಪ್ ಕಂಡ ನಮ್ಮ ಆರ್‌ಸಿಬಿ ಬಳಗಕ್ಕೆ ಆ 108 ವರ್ಷಗಳ ಭಾರ ಸ್ವಲ್ಪವಾದರೂ ತಿಳಿದೀತು.

ಎಲ್ಲಿಂದ ನೋಡಲು ತೊಡಗಬೇಕು ಎಂಬುದಕ್ಕೆ ನನ್ನ ಸಲಹೆ 2025ರ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ. ಟೊರಾಂಟೊ ಬ್ಲೂ ಜೇಸ್ ತಮ್ಮ ಅಂಗಳದಲ್ಲೇ ಗೆಲುವಿನಿಂದ ಎರಡೇ ಔಟ್ ದೂರದಲ್ಲಿದ್ದಾಗ, ಹೋಮ್ ರನ್‌ಗೆ ಹೆಸರಾದವರೇ ಅಲ್ಲದ ಡಾಡ್ಜರ್ಸ್‌ನ ಮಿಗೆಲ್ ರೋಹಾಸ್ ಚೆಂಡನ್ನು ಗೋಡೆಯಾಚೆ ಅಟ್ಟಿ 4-4 ಮಾಡಿದರು. ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ವಿಲ್ ಸ್ಮಿತ್ ಅವರ ಹೋಮ್ ರನ್ ಪಂದ್ಯವನ್ನು 5-4ಕ್ಕೆ ಒಯ್ದಿತು. ಹಿಂದಿನ ರಾತ್ರಿ 96 ಚೆಂಡುಗಳನ್ನು ಎಸೆದಿದ್ದ ಯೊಶಿನೊಬು ಯಮಾಮೊಟೊ ಅಂದು ಮತ್ತೆ ಬಂದು ಕೊನೆಯ ಎಂಟು ಔಟ್‌ಗಳನ್ನು ಪಡೆದರು. ಬೇಸಗೆಯ ಯಾವ ಪಂದ್ಯದಲ್ಲೂ ಯಾವ ಕೋಚ್ ಕೂಡ ಒಬ್ಬ ಪಿಚರ್‌ನನ್ನು ಹೀಗೆ ಬಳಸುವುದಿಲ್ಲ. ಮುಖ್ಯಾಂಶಗಳ ತುಣುಕನ್ನು ನೋಡಬೇಡಿ, ಪೂರ್ತಿ ಪಂದ್ಯವನ್ನೇ ನೋಡಿ; ಅಳಿಯಂದಿರನ್ನು ಫೋನಿನಲ್ಲಿ ಜೊತೆಗಿಟ್ಟುಕೊಂಡರೆ ನಿಯಮಗಳ ತೊಡಕೂ ಬಿಡಿಸಿಕೊಳ್ಳುತ್ತದೆ.

ಇತಿ,
ಸಂಪಾದಕ