ಬೆವರು ಆರದ ಊರಿನಲ್ಲಿ ಓಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ. ಅದಕ್ಕೆ ಕಾಲು ಹದ ಮಾಡಿಕೊಳ್ಳುವ ಕೆಲಸ ಮಾತ್ರ ಮಳೆಗಾಲದಲ್ಲೇ ಶುರು. ಹಾಗಾಗಿ ಈ ಸಲದ ಪತ್ರಗಳಲ್ಲೆಲ್ಲ ಬೆವರು, ಕೆಸರು, ಒದ್ದೆ ಶೂಗಳದೇ ದೂರು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಧಾರವಾಡಕ್ಕೆ ಹೋದಾಗ 10 ಕಿ.ಮೀ. ಓಟ 62 ನಿಮಿಷಕ್ಕೆ ಮುಗಿಯುತ್ತದೆ. ಇಲ್ಲಿ ಶಿವಾಜಿ ಪಾರ್ಕ್ ಸುತ್ತ ಅಷ್ಟೇ ದೂರಕ್ಕೆ 69 ನಿಮಿಷ, ಎದೆಬಡಿತ 170 ದಾಟುತ್ತದೆ. ಫಿಟ್‌ನೆಸ್ ಕಡಿಮೆಯಾಗಿದೆಯೇ? (ಮಾಟುಂಗಾ)

ಕಡಿಮೆಯಾಗಿಲ್ಲ. ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಗಾಳಿಯಲ್ಲಿ ಆಗಲೇ ನೀರು ತುಂಬಿರುವಾಗ ಬೆವರು ಆರದೆ ತೊಟ್ಟಿಕ್ಕುತ್ತದೆ. ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಏನೂ ಲಾಭವಿಲ್ಲ. ಒಳಗಿನ ಬಿಸಿಯನ್ನು ಹೊರಹಾಕಲು ಹೃದಯ ಹೆಚ್ಚು ರಕ್ತವನ್ನು ಚರ್ಮಕ್ಕೆ ಕಳಿಸಬೇಕಾಗುತ್ತದೆ, ಕಾಲಿನ ಸ್ನಾಯುಗಳೂ ತಮ್ಮ ಪಾಲು ಕೇಳುತ್ತಿರುತ್ತವೆ. ಅದಕ್ಕೇ ವೇಗ ಕಡಿಮೆ, ಬಡಿತ ಜಾಸ್ತಿ.

ಅಕ್ಟೋಬರ್ ಮುಗಿಯುವವರೆಗೆ ವಾಚಿನಲ್ಲಿ ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ) ನೋಡುವುದನ್ನು ಬಿಟ್ಟುಬಿಡಿ. ಪಕ್ಕದವರೊಂದಿಗೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ಆ ವೇಗ ಸರಿ, ಎರಡು ಪದಕ್ಕೇ ಉಸಿರು ಸಿಕ್ಕಿಕೊಂಡರೆ ಹೆಚ್ಚಾಯಿತು. ಪ್ರತಿ 10 ನಿಮಿಷಕ್ಕೊಮ್ಮೆ 1 ನಿಮಿಷ ನಡೆಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಹತ್ತಿ ಬನಿಯನ್ ಬೇಡ, ಅದು ಬೆವರು ಹೀರಿ ಭಾರವಾಗುತ್ತದೆ. ತೆಳುವಾದ ಪಾಲಿಯೆಸ್ಟರ್ ಸಾಕು. ಸೆಕೆಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದವರು ಮೊದಲ ವಾರವೇ 18 ಕಿ.ಮೀ.ಗೆ ಹೊರಡಬಾರದು.

ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್ ಎಂದು ಹಲವರು ನಂಬಿದ್ದಾರೆ. ಓಟಗಾರರಲ್ಲಿ ಮೈ ಬೆವರುತ್ತಿರುವಾಗಲೇ ಅದು ಬರಬಹುದು. ಜೊತೆಗಾರ ತಡವರಿಸಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ, ಸೆಕೆಯಲ್ಲೂ ಚಳಿ ಎಂದರೆ ತಕ್ಷಣ ನೆರಳಿಗೆ ತನ್ನಿ. ಬಟ್ಟೆ ಸಡಿಲಿಸಿ, ಸಿಕ್ಕ ಐಸನ್ನು ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟು, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಿ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ಅದು ಬರುವ ತನಕ ತಂಪು ಮಾಡುವುದನ್ನು ನಿಲ್ಲಿಸಬೇಡಿ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ನೀರು ಬಿಡಬೇಡಿ.

ಒಂದು ಗಂಟೆ ಓಡಿದರೆ ಎಷ್ಟು ನೀರು ಕುಡಿಯಬೇಕು? ಒಬ್ಬರು ಅರ್ಧ ಲೀಟರ್ ಎನ್ನುತ್ತಾರೆ, ಇನ್ನೊಬ್ಬರು ಒಂದೂವರೆ. (ಡೊಂಬಿವಲಿ)

ಇಬ್ಬರೂ ತಮ್ಮ ಮೈಯ ಲೆಕ್ಕ ಹೇಳುತ್ತಿದ್ದಾರೆ, ನಿಮ್ಮದನ್ನು ನೀವೇ ತೆಗೆಯಿರಿ. ಓಟಕ್ಕೆ ಮೊದಲು ಮೂತ್ರ ಮುಗಿಸಿ, ಬಟ್ಟೆ ಕಳಚಿ ತೂಕ ನೋಡಿ. 68.4 ಕೆ.ಜಿ. ಇತ್ತು ಎನ್ನಿ. ಗಂಟೆ ಓಡಿ ಬಂದು, ಟವೆಲಿನಿಂದ ಮೈ ಒರೆಸಿಕೊಂಡು ಮತ್ತೆ ತೂಗಿ. 67.5 ಬಂದರೆ 900 ಗ್ರಾಂ ಹೋಗಿದೆ. ನಡುವೆ 300 ಮಿ.ಲೀ. ಕುಡಿದಿದ್ದರೆ ಅದನ್ನೂ ಕೂಡಿಸಿ. ಗಂಟೆಗೆ 1.2 ಲೀಟರ್ ನಿಮ್ಮ ಬೆವರು. ಜೂನ್, ಅಕ್ಟೋಬರ್, ಜನವರಿಯಲ್ಲಿ ಒಂದೊಂದು ಸಲ ಈ ಲೆಕ್ಕ ಹಾಕಿದರೆ ಸಾಕು.

ಹೋದದ್ದನ್ನೆಲ್ಲ ಓಡುತ್ತಲೇ ತುಂಬಿಕೊಳ್ಳಬೇಕಿಲ್ಲ, ಅಷ್ಟನ್ನು ಹೊಟ್ಟೆ ತಾಳುವುದೂ ಇಲ್ಲ. ದೇಹತೂಕದ ಶೇ 2ರೊಳಗೆ ಇಳಿದರೆ ತೊಂದರೆಯಿಲ್ಲ, ನಿಮಗೆ ಅದು ಸುಮಾರು 1.4 ಕೆ.ಜಿ. ಗಂಟೆಯ ಓಟಕ್ಕೆ ಬಾಯಾರಿದಾಗ ನಾಲ್ಕು ಗುಟುಕು ಸಾಕು. ಎರಡು ಗಂಟೆ ದಾಟುವುದಾದರೆ 15ರಿಂದ 20 ನಿಮಿಷಕ್ಕೊಮ್ಮೆ 150 ಮಿ.ಲೀ. ಕುಡಿಯಿರಿ. ಓಟ ಮುಗಿಸಿದಾಗ ತೂಕ ಹೆಚ್ಚಾಗಿದ್ದರೆ ಅದು ಅಪಾಯದ ಸೂಚನೆ. ಬರೀ ನೀರು ಕುಡಿಕುಡಿದು ರಕ್ತದ ಸೋಡಿಯಂ ಕುಸಿದಿರಬಹುದು. ಉಂಗುರ ಬಿಗಿಯಾಗುವುದು, ತಲೆನೋವು, ವಾಕರಿಕೆ ಅದರ ಲಕ್ಷಣ. ನಿಧಾನವಾಗಿ ಐದು ಗಂಟೆ ಓಡುತ್ತ ಸಿಕ್ಕ ಮೇಜಿನಲ್ಲೆಲ್ಲ ಲೋಟ ಎತ್ತುವವರಿಗೇ ಇದು ಹೆಚ್ಚು.

ದೀರ್ಘ ಓಟಕ್ಕೆ ಒಆರ್‌ಎಸ್ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣಕ್ಕೆ ಪೂರ್ತಿ 1 ಲೀಟರ್ ನೀರೇ ಬೇಕು. ಅರ್ಧ ಲೀಟರಿಗೆ ಹಾಕಿ ಗಟ್ಟಿ ಮಾಡಿದರೆ ಹೊಟ್ಟೆ ತೊಳಸುತ್ತದೆ. ಮನೆಯಲ್ಲೇ ಆದರೆ 1 ಲೀಟರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮೇಲೆ ನಿಂಬೆರಸ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಎಳನೀರು ಕುಡಿದು ಮನೆಗೆ ಬಂದು ಉಪ್ಪಿನಕಾಯಿಯ ಜೊತೆ ಗಂಜಿ ಉಣ್ಣುವವರು ತಮಗೆ ಗೊತ್ತಿಲ್ಲದೆಯೇ ಲೆಕ್ಕ ಸರಿ ಮಾಡಿಕೊಳ್ಳುತ್ತಾರೆ.

ಮಳೆಯಲ್ಲಿ ನೆನೆದ ಶೂ ಮರುದಿನಕ್ಕೂ ಒಣಗುವುದಿಲ್ಲ, ವಾಸನೆ ಬೇರೆ. ವಾಷಿಂಗ್ ಮಷೀನಿಗೆ ಹಾಕಬಹುದೇ? (ಮುಲುಂಡ್)

ಬೇಡ. ಬಿಸಿನೀರು ಮತ್ತು ತಿರುಗುವ ಡ್ರಮ್ಮಿನ ಏಟಿಗೆ ಸೋಲ್ ಅಂಟಿಸಿದ ಗೋಂದು ಸಡಿಲವಾಗುತ್ತದೆ. ಗ್ಯಾಸ್ ಒಲೆಯ ಪಕ್ಕ, ಹೇರ್ ಡ್ರೈಯರ್, ಕಾದ ಟೆರೇಸ್ ಕೂಡ ಬೇಡ. ಮನೆಗೆ ಬಂದ ಕೂಡಲೇ ಇನ್‌ಸೋಲ್ ಹೊರತೆಗೆದು ಸೋಪು ನೀರಿನಲ್ಲಿ ಉಜ್ಜಿ ಬೇರೆಯಾಗಿ ನೇತುಹಾಕಿ. ಲೇಸ್ ಪೂರ್ತಿ ಸಡಿಲಿಸಿ ನಾಲಗೆಯನ್ನು ಮುಂದಕ್ಕೆ ಎಳೆಯಿರಿ. ಹಳೆಯ ಪೇಪರನ್ನು ಉಂಡೆ ಮಾಡಿ ಬೆರಳಿನ ತುದಿಯವರೆಗೆ ತುರುಕಿ. ಎಲ್ಲರೂ ತಪ್ಪುವುದು ಇದಾದ ಮೇಲೆ. ಮೊದಲ ಪೇಪರ್ ಒಂದು ಗಂಟೆಯಲ್ಲೇ ನೆನೆದು ಮುದ್ದೆಯಾಗುತ್ತದೆ, ಅದನ್ನು ರಾತ್ರಿಯಿಡೀ ಬಿಟ್ಟರೆ ತೇವ ಒಳಗೇ ಉಳಿಯುತ್ತದೆ. ಗಂಟೆಗೆ ಒಮ್ಮೆ, ಆಮೇಲೆ ಮೂರು ಗಂಟೆಗೆ ಒಮ್ಮೆ ಬದಲಿಸಿ, ಶೂವನ್ನು ಫ್ಯಾನಿನ ಕೆಳಗೆ ಮಗ್ಗುಲಾಗಿ ಇಡಿ. ಸಾಧ್ಯವಿದ್ದರೆ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಅಡಿಭಾಗ ಸವೆದು ನುಣುಪಾದ ಜೊತೆ ಮಳೆಗಾಲಕ್ಕೆ ಲಾಯಕ್ಕಲ್ಲ. ಝೀಬ್ರಾ ಕ್ರಾಸಿಂಗಿನ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಅಲುಗಾಡುವ ಪೇವರ್ ಬ್ಲಾಕುಗಳ ಮೇಲೆ ಅದು ಜಾರುತ್ತದೆ.

ಬೆರಳಸಂದಿ ಬಿಳಿಚಿಕೊಂಡು ತುರಿಸಿದರೆ ಅದು ಶಿಲೀಂಧ್ರ. ಕ್ಲೋಟ್ರಿಮಜೋಲ್ ಕ್ರೀಮನ್ನು ತುರಿಕೆ ನಿಂತ ಮೇಲೂ ಎರಡು ವಾರ ಮುಂದುವರಿಸಿ, ಇಲ್ಲದಿದ್ದರೆ ಮರಳಿ ಬರುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ನಿಂತ ನೀರು. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಒಳಹೋಗಲು ಅದಕ್ಕೆ ಕಾಲಿನ ಒಂದು ಸಣ್ಣ ಗೀರು ಸಾಕು. ಬೊಬ್ಬೆ ಒಡೆದ ಕಾಲಿನಲ್ಲಿ ಮೊಣಕಾಲುದ್ದ ನೀರು ದಾಟಿದ್ದರೆ ಸೋಪಿನಿಂದ ತೊಳೆದು, 72 ಗಂಟೆಯೊಳಗೆ ವೈದ್ಯರನ್ನು ಕಾಣಿ. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಬೇಕೇ ಎಂದು ಅವರು ನಿರ್ಧರಿಸುತ್ತಾರೆ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕೆಂಗಣ್ಣು ಬಂದರೆ ಓಟದ ಸುಸ್ತೆಂದು ಮಲಗಬೇಡಿ.

ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಶೂ ಸೈಜ್ ಸರಿಯಾಗಿಯೇ ಇದೆ. (ಅಂಧೇರಿ)

ಬೆಳಿಗ್ಗೆ ಅಂಗಡಿಯಲ್ಲಿ ಸರಿಯಿದ್ದದ್ದು 15 ಕಿ.ಮೀ. ನಂತರ ಸರಿಯಿರುವುದಿಲ್ಲ, ಪಾದ ಊದುತ್ತದೆ. ಸಂಜೆ ಹೊತ್ತು, ಓಡುವ ಸಾಕ್ಸ್ ಹಾಕಿಕೊಂಡು ಕೊಳ್ಳಿ. ನಿಂತಾಗ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು.

ಜಾಗವಿದ್ದೂ ಉಗುರು ಬಡಿಯುತ್ತಿದ್ದರೆ ಹಿಮ್ಮಡಿ ನಿಲ್ಲುತ್ತಿಲ್ಲ ಎಂದರ್ಥ. ಶೂವಿನ ತೀರಾ ಮೇಲೆ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಅದು ಇದಕ್ಕೇ. ಲೇಸನ್ನು ಆಚೀಚೆ ದಾಟಿಸದೆ, ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಗೆ ತೂರಿಸಿ. ಹೊರಗೆ ಕಿರುಬೆರಳು ಹಿಡಿಸುವಷ್ಟು ಕುಣಿಕೆ ಉಳಿಯಲಿ. ಇನ್ನೊಂದು ಬದಿಗೂ ಹೀಗೇ. ಈಗ ಬಲದ ತುದಿಯನ್ನು ಎಡದ ಕುಣಿಕೆಯಲ್ಲಿ, ಎಡದ್ದನ್ನು ಬಲದ ಕುಣಿಕೆಯಲ್ಲಿ ತೂರಿಸಿ. ಹಿಮ್ಮಡಿಯನ್ನು ನೆಲಕ್ಕೆ ಒತ್ತಿಕೊಂಡು ಎರಡೂ ತುದಿಗಳನ್ನು ಮೇಲಕ್ಕಲ್ಲ, ಹಿಂದಕ್ಕೆ ಮತ್ತು ಕೆಳಕ್ಕೆ ಎಳೆದು ಗಂಟು ಹಾಕಿ. ಕಪ್ಪಾದ ಉಗುರನ್ನು ಪಿನ್ನಿನಿಂದ ಚುಚ್ಚಬೇಡಿ. ನೋವಿಲ್ಲದಿದ್ದರೆ ಹಾಗೇ ಬಿಡಿ, ಹೊಸದು ಬರುತ್ತದೆ.

ವೇತಾಳ ಟೇಕಡಿಯಲ್ಲಿ (ಗುಡ್ಡದಲ್ಲಿ) ಓಡಲು ಶುರು ಮಾಡಿ ಮೂರು ವಾರ. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆ ನೋಯುತ್ತಿದೆ. ವಯಸ್ಸು 27, ವಾರಕ್ಕೆ ಐದು ದಿನ ಓಡುತ್ತೇನೆ. (ಕೋಥ್ರೂಡ್, ಪುಣೆ)

ಕುಳಿತು, ಮೂಳೆಯ ಒಳಅಂಚಿನಗುಂಟ ಬೆರಳಿನಿಂದ ಒತ್ತುತ್ತ ಬನ್ನಿ. ಕೆಳಭಾಗದಲ್ಲಿ ನಾಲ್ಕು ಬೆರಳಿಗಿಂತ ಉದ್ದಕ್ಕೆ ಪಟ್ಟಿಯಂತೆ ನೋಯುತ್ತ, ಓಡಲು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಕಡಿಮೆಯಾದರೆ ಅದು ಶಿನ್ ಸ್ಪ್ಲಿಂಟ್ಸ್, ಅಂದರೆ ಓಟ ಹೆಚ್ಚಾಗಿ ಆ ಮೂಳೆಯ ಅಂಚಿಗೆ ಬರುವ ನೋವು. ನಾಣ್ಯದಷ್ಟು ಒಂದೇ ಜಾಗ, ಒಂಟಿಕಾಲಲ್ಲಿ ಕುಪ್ಪಳಿಸಿದರೆ ಚುರುಕ್ಕೆನ್ನುವುದು, ರಾತ್ರಿ ಮಲಗಿದಾಗಲೂ ನೋವು ಎಂದರೆ ಮೂಳೆಯಲ್ಲಿ ಬಿರುಕಿರಬಹುದು. ಓಟ ನಿಲ್ಲಿಸಿ ಮೂಳೆ ವೈದ್ಯರ ಬಳಿ ಹೋಗಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಮುಟ್ಟು ಎರಡು ಮೂರು ತಿಂಗಳಿಂದ ತಪ್ಪಿದ್ದರೆ ಅದನ್ನು ಮುಚ್ಚಿಡದೆ ಹೇಳಿ. ಓಟಕ್ಕೆ ತಕ್ಕಷ್ಟು ಉಣ್ಣದಿದ್ದಾಗ ಮುಟ್ಟೂ ನಿಲ್ಲುತ್ತದೆ, ಮೂಳೆಯೂ ಸೋಲುತ್ತದೆ.

ಶಿನ್ ಸ್ಪ್ಲಿಂಟ್ಸ್ ಆದರೆ ಎರಡು ವಾರ ದೂರ ಅರ್ಧಕ್ಕಿಳಿಸಿ, ದಿನ ಬಿಟ್ಟು ದಿನ, ಸಮತಟ್ಟಿನಲ್ಲಿ ಮಾತ್ರ ಓಡಿ. ಟೇಕಡಿ ಹತ್ತಬಹುದು, ಆದರೆ ನಡೆದೇ ಇಳಿಯಿರಿ. ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಹಾಕುತ್ತ ಓಡಿದ್ದೇ ಇಲ್ಲಿ ಮುಖ್ಯ ಕಾರಣ ಇರಬೇಕು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು 15ರಂತೆ 3 ಸಲ, ಮಂಡಿ ನೇರವಿಟ್ಟು ಒಮ್ಮೆ, ಮಡಿಸಿ ಒಮ್ಮೆ. ಇನ್ನೊಂದು: 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟುತ್ತದೆ ಎಣಿಸಿ. 39 ಬಂದರೆ ನಿಮಿಷಕ್ಕೆ 156 ಹೆಜ್ಜೆ. ಅದನ್ನು 41ಕ್ಕೆ ಏರಿಸಿ, ವೇಗ ಅಷ್ಟೇ ಇರಲಿ. ಹೆಜ್ಜೆ ತಾನಾಗಿಯೇ ಗಿಡ್ಡವಾಗಿ ಮೂಳೆಯ ಮೇಲಿನ ಏಟು ಕಡಿಮೆಯಾಗುತ್ತದೆ.

ಬೀಚಿನಲ್ಲಿ ಬರಿಗಾಲಲ್ಲಿ ಓಡುವುದು ಒಳ್ಳೆಯದೇ? (ವಾಸ್ಕೋ, ಗೋವಾ)

ಅಳತೆಯಲ್ಲಿ ಒಳ್ಳೆಯದು. ಒಣ ಮರಳು ಬೇಡ, ನೀರಿಳಿದ ಮೇಲಿನ ಗಟ್ಟಿ ಒದ್ದೆ ಮರಳು ಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಬೆಳಿಗ್ಗೆ 6ಕ್ಕೆ ಇದ್ದರೆ ನಾಲ್ಕು ದಿನದಲ್ಲಿ 9ರ ಸುಮಾರು, ಆಗ ಬಿಸಿಲು. ದಡ ಸಮುದ್ರದ ಕಡೆ ವಾಲಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ಅದೇ ದಾರಿಯಲ್ಲಿ ಮರಳಿದರೆ ಎರಡೂ ಕಾಲಿಗೆ ಸಮವಾಗುತ್ತದೆ. ಮೊದಲು ವಾರಕ್ಕೆರಡು ದಿನ, 10 ನಿಮಿಷ. ಶೂವಿನ ಎತ್ತರದ ಹಿಮ್ಮಡಿಗೆ ಒಗ್ಗಿದ ಅಕಿಲಿಸ್ ಸ್ನಾಯುರಜ್ಜು ಏಕಾಏಕಿ ಹಿಗ್ಗಿದರೆ ತಿಂಗಳುಗಟ್ಟಲೆ ಕಾಡುತ್ತದೆ. ಮಳೆಗೆ ಮುಂಚೆ ದಡಕ್ಕೆ ಬರುವ ಡಾಂಬರಿನ ಉಂಡೆ ಅಂಗಾಲಿಗೆ ಮೆತ್ತಿದರೆ ತೆಂಗಿನೆಣ್ಣೆ ಹಚ್ಚಿ ಒರೆಸಿ.

ಹಾಫ್ ಮ್ಯಾರಥಾನ್‌ನಲ್ಲಿ ಪೆಡ್ಡರ್ ರೋಡ್ ಏರು ಬಂದಾಗಲೆಲ್ಲ ಸೋಲುತ್ತೇನೆ. (ಠಾಣೆ)

ಏರಿನಲ್ಲಿ ಸೋಲುವವರು ನಿಜಕ್ಕೂ ಸೋತಿರುವುದು ಅದಕ್ಕೂ ಮೊದಲು ಬರುವ ಬಾಂದ್ರಾ-ವರ್ಲಿ ಸೀ ಲಿಂಕ್ ಮೇಲೆ. ತಂಪು ಗಾಳಿ, ವರ್ಷಕ್ಕೊಮ್ಮೆ ಸಿಗುವ ಸೇತುವೆ, ಸುತ್ತ ಉತ್ಸಾಹ. ಎಲ್ಲರೂ ಅಲ್ಲಿ ಬೇಗ ಓಡಿಬಿಡುತ್ತಾರೆ. ಏರಿನಲ್ಲಿ ಕಿಲೋಮೀಟರಿಗೆ 20ರಿಂದ 30 ಸೆಕೆಂಡ್ ಬಿಟ್ಟುಕೊಡಿ, ಗಿಡ್ಡ ಹೆಜ್ಜೆ, ಕಣ್ಣು ಹತ್ತು ಮೀಟರ್ ಮುಂದೆ. ಚೌಪಾಟಿಯ ಕಡೆ ಇಳಿಯುವಾಗ ಹಿಂದಕ್ಕೆ ವಾಲಿ ಬ್ರೇಕ್ ಹಾಕಬೇಡಿ. ಅಭ್ಯಾಸಕ್ಕೆ ನಿಮ್ಮ ಯೇವೂರ್ ರಸ್ತೆಯೇ ಇದೆ: ವಾರಕ್ಕೊಮ್ಮೆ 60ರಿಂದ 90 ಸೆಕೆಂಡಿನ ಏರು 6 ಸಲ, ಇಳಿಯುವುದು ನಡಿಗೆಯಲ್ಲಿ. ಎಂಟು ವಾರ ಮಾಡಿ, ಓಟಕ್ಕೆ 10 ದಿನ ಮೊದಲು ನಿಲ್ಲಿಸಿ.

ಓಟದ ದಿನ ಬೆಳಿಗ್ಗೆ ಏನು ತಿನ್ನಲಿ? (ಚೆಂಬೂರು)

ಓಟಕ್ಕೆ ಎರಡೂವರೆ ಗಂಟೆ ಮೊದಲು ಮೂರು ಇಡ್ಲಿ, ಸಕ್ಕರೆ ಅಥವಾ ಜೇನಿನ ಜೊತೆ. ಸಾಂಬಾರ್, ಚಟ್ನಿ ಬೇಡ, ಬೇಳೆಯೂ ನಾರೂ ಹೊಟ್ಟೆಯಲ್ಲಿ ಕುಲುಕಾಡುತ್ತವೆ. ಓಡುವಾಗ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಓಟಗಾರರು ಹೀರುವ ಸಿಹಿ ಜೆಲ್ ಪೊಟ್ಟಣ ಒಂದರಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ. ಯಾವುದನ್ನೂ ಅಂದೇ ಮೊದಲ ಸಲ ಬಾಯಿಗಿಡಬೇಡಿ.

ವಯಸ್ಸು 52, ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 5 ಕಿ.ಮೀ. ಓಡಬಹುದೇ? (ಘಾಟ್‌ಕೋಪರ್)

ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ಕುಸಿಯುವುದು ಅಪರೂಪ, ಗ್ಲಿಮೆಪಿರೈಡ್ ಜೊತೆಗಿದ್ದರೆ ಹಾಗಲ್ಲ. ಶುರು ಮಾಡುವ ಮೊದಲು ಹೃದಯದ ತಪಾಸಣೆ ಮಾಡಿಸಿ, ಮಾತ್ರೆಯ ಹೊತ್ತು ಬದಲಿಸಬೇಕೇ ಎಂದು ವೈದ್ಯರನ್ನು ಕೇಳಿ, ನೀವಾಗಿ ಬಿಡಬೇಡಿ. ಹೊರಡುವ ಮುನ್ನ ಬೆರಳು ಚುಚ್ಚಿ ಸಕ್ಕರೆ (ಮಿ.ಗ್ರಾಂ/ಡಿ.ಎಲ್.) ನೋಡಿ: 100ಕ್ಕಿಂತ ಕಡಿಮೆಯಿದ್ದರೆ ಒಂದು ಏಲಕ್ಕಿ ಬಾಳೆ ತಿಂದು ಹೊರಡಿ, 250 ದಾಟಿ ಮೈಯೂ ಸರಿಯಿಲ್ಲದಿದ್ದರೆ ಅಂದು ಓಟ ಬೇಡ. ಜೇಬಿನಲ್ಲಿ 15 ಗ್ರಾಂ ಗ್ಲುಕೋಸ್ ಪುಡಿ ಇರಲಿ. ಕೈ ನಡುಗಿದರೆ, ತಣ್ಣನೆ ಬೆವರು ಬಂದರೆ ನಿಂತು ಅದನ್ನು ತಿನ್ನಿ, 15 ನಿಮಿಷ ಕುಳಿತು ಮತ್ತೆ ಪರೀಕ್ಷಿಸಿ. ಈ ಊರಿನಲ್ಲಿ ಬೆವರು ಎಲ್ಲರಿಗೂ ಬರುವುದರಿಂದ ಈ ಲಕ್ಷಣ ಗಮನಕ್ಕೇ ಬಾರದೆ ಹೋಗಬಹುದು, ಒಬ್ಬರೇ ಓಡಬೇಡಿ. ಮನೆಗೆ ಬಂದು ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಸಂವೇದನೆ ಕಡಿಮೆಯಾಗಿದ್ದರೆ ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ.