ಯೆರಿಕೋವಿನ ಸಂಹಾರ, ವೈರಿಯ ಮೇಲಿನ ಪ್ರೀತಿ

ಪ್ರಶ್ನೆ: ಬೈಬಲ್‌ನಲ್ಲಿ ಇಸ್ರಾಯೇಲರ ನಾಯಕ ಯೆಹೋಶುವ ಯೆರಿಕೋ ಪಟ್ಟಣವನ್ನು ನಾಶಮಾಡಿದ, ಯೇಸು ವೈರಿಗಳನ್ನು ಪ್ರೀತಿಸಿ ಎಂದರು (ಮತ್ತಾಯ 5:44). ಎರಡನ್ನೂ ಒಟ್ಟಿಗೆ ಓದುವುದು ಹೇಗೆ?

ಉತ್ತರ: ವಿರೋಧ ನಿಜವಾದದ್ದೇ, ಮುಚ್ಚಿಡಬೇಡಿ. ಧರ್ಮೋಪದೇಶಕಾಂಡ 20:10 ತೋರಿಸಿ ‘ಮೊದಲು ಸಂಧಿಗೆ ಕರೆಯುತ್ತಿದ್ದರಲ್ಲ’ ಎಂದು ಸಮರ್ಥಿಸುವವರು 15ರಿಂದ 17ನೇ ವಚನಗಳನ್ನು ಬಿಟ್ಟುಬಿಡುತ್ತಾರೆ. ಆ ಅವಕಾಶ ದೂರದ ಪಟ್ಟಣಗಳಿಗೆ ಮಾತ್ರ, ಯೆರಿಕೋ ಇದ್ದ ನಾಡಿನ ಜನರಾದ ಕಾನಾನ್ಯರಿಗಿಲ್ಲ; ಅವರನ್ನು ಪೂರ್ತಿ ಸಂಹರಿಸಬೇಕೆಂಬುದೇ ಅಲ್ಲಿನ ಆಜ್ಞೆ. ಇನ್ನು ಯೆಹೋಶುವ 10:40ರಲ್ಲಿ ಯಾರೂ ಉಳಿಯಲಿಲ್ಲ; ನ್ಯಾಯಸ್ಥಾಪಕರು 1ನೇ ಅಧ್ಯಾಯದಲ್ಲಿ ಕಾನಾನ್ಯರು ಊರೂರಲ್ಲಿ ಬದುಕಿದ್ದಾರೆ. ಹಾಗಾಗಿ ಹಲವು ವಿದ್ವಾಂಸರು ಮೊದಲಿನದನ್ನು ಅಂದಿನ ಯುದ್ಧವರದಿಗಳ ಅತಿಶಯೋಕ್ತಿ ಎನ್ನುತ್ತಾರೆ. ಆದರೂ ಆಜ್ಞೆಯ ಕಾಠಿಣ್ಯ ಕರಗದು.

ಪ್ರೀತಿ ಹೊಸ ಒಡಂಬಡಿಕೆಯ ಸ್ವತ್ತೆಂದೂ ತಿಳಿಯಬೇಡಿ. ಹಳೆಯ ಒಡಂಬಡಿಕೆಯ 2 ಅರಸುಗಳು 6:21–23 ಓದಲೇಬೇಕು: ಕೈಗೆ ಸಿಕ್ಕ ವೈರಿಗಳಾದ ಅರಾಮ್ಯ ಸೈನಿಕರನ್ನು ಕೊಲ್ಲಲೇ ಎಂದ ಇಸ್ರಾಯೇಲಿನ ಅರಸನನ್ನು ಪ್ರವಾದಿ ಎಲೀಷ ತಡೆದು, ಅವರಿಗೆ ಊಟ ಹಾಕಿಸಿ ಕಳುಹಿಸುತ್ತಾನೆ. ಅವರ ದಾಳಿಗಳು ನಿಲ್ಲುತ್ತವೆ.