ಎಮ್ಯುಲೇಟರ್‌ನಲ್ಲಿ ಸರಿಯಾಗಿ ಓಡುವ ಆಪ್ ಬೇರೆಯವರ ಫೋನಿನಲ್ಲಿ ಯಾಕೆ ಕೈಕೊಡುತ್ತದೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬೆಳಗಾವಿಯಲ್ಲಿ ನೀರಿನ ಕ್ಯಾನ್ ಹಾಕುವ ಹುಡುಗರಿಗಾಗಿ ಕೋಟ್ಲಿನ್‌ನಲ್ಲಿ ಆಂಡ್ರಾಯ್ಡ್ ಆಪ್ ಮಾಡಿದ್ದೀರಿ. ಎಮ್ಯುಲೇಟರ್‌ನಲ್ಲೂ, ಅಂದರೆ ಕಂಪ್ಯೂಟರ್‌ನೊಳಗಿನ ನಕಲಿ ಫೋನಿನಲ್ಲೂ ಸರಿ, ಕೇಬಲ್ ಹಾಕಿದ ನಿಮ್ಮ ಫೋನಿನಲ್ಲೂ ಸರಿ. ಹುಡುಗರ ಕೈಗೆ ಕೊಟ್ಟ ಮೇಲೆ ಮೂರು ತೊಂದರೆ. ಇಬ್ಬರ ಫೋನಿನಲ್ಲಿ ಮಾತ್ರ ಡೆಲಿವರಿ ಸೇವ್ ಆಗುವುದಿಲ್ಲ, ಸರ್ವರ್ 400 ಅನ್ನುತ್ತದೆ, ಅಂದರೆ ಕಳಿಸಿದ್ದು ಸರಿಯಿಲ್ಲ ಅಂತ ವಾಪಸ್ ಮಾಡುತ್ತದೆ. ಫೋನ್ ಜೇಬಿನಲ್ಲಿದ್ದರೆ ಹೊಸ ಆರ್ಡರ್ ತುಂಬಾ ತಡವಾಗಿ ಬರುತ್ತದೆ. ಒಬ್ಬರ ಹಳೆಯ ಫೋನಿನಲ್ಲಿ ಖಾಲಿ ಕ್ಯಾನಿನ ಫೋಟೋ ತೆಗೆದು ವಾಪಸ್ ಬಂದರೆ ತುಂಬಿದ್ದ ಫಾರ್ಮ್ ಖಾಲಿಯಾಗಿರುತ್ತದೆ. ಎಲ್ಲ ಕಂಪನಿಯ ಫೋನುಗಳನ್ನೂ ಕೊಂಡು ಟೆಸ್ಟ್ ಮಾಡಬೇಕಾ ಅಂತ ಕೇಳಿದ್ದೀರಿ.

ಬೇಡ. ಈಗಲೇ ದುಡ್ಡು ಹಾಕಬೇಡಿ. ಈ ಮೂರನ್ನೂ ನಿಮ್ಮ ಮೇಜಿನ ಮೇಲೇ ಹಿಡಿಯಬಹುದು ಅಂತ ನನಗೆ ಅನ್ನಿಸುತ್ತದೆ. "ಫೋನ್ ಬೇರೆ" ಅನ್ನುವುದು ಕಾರಣವೇ ಅಲ್ಲ. ಫೋನ್ ಬೇರೆ ಅಂದರೆ ಅದರ ಜೊತೆಗೆ ಹತ್ತು ವಿಷಯ ಬೇರೆ. ಬಿಲ್ಡ್ (ಕೋಡ್‌ನಿಂದ ತಯಾರಾದ ಆಪ್ ಫೈಲ್) ಬೇರೆ, ಭಾಷೆ ಬೇರೆ, ಬ್ಯಾಟರಿ ಸ್ಥಿತಿ ಬೇರೆ, ಮೆಮೊರಿ ಬೇರೆ, ನೆಟ್‌ವರ್ಕ್ ಬೇರೆ. ತಪ್ಪು ಇರುವುದು ಆ ಹತ್ತರಲ್ಲಿ ಒಂದರಲ್ಲಿ. ಆ ಒಂದನ್ನು ಎಮ್ಯುಲೇಟರ್‌ಗೆ ತಂದು ಕೂರಿಸಿದರೆ ತೊಂದರೆಯೂ ಅದರ ಹಿಂದೆಯೇ ಬರುತ್ತದೆ.

ಮೊದಲ ಕೆಲಸ ಅರ್ಧ ಗಂಟೆಯದು. ನೀವು ಓಡಿಸಿ ನೋಡಿದ್ದು ಪರೀಕ್ಷೆಗೆಂದು ಮಾಡುವ ಡಿಬಗ್ ಬಿಲ್ಡ್, ಹುಡುಗರಿಗೆ ಕೊಟ್ಟಿದ್ದು ಹಂಚುವುದಕ್ಕೆಂದು ಮಾಡುವ ರಿಲೀಸ್ ಬಿಲ್ಡ್, ಅಲ್ವಾ? ಹಾಗಿದ್ದರೆ ನೀವು ಎರಡು ಫೋನುಗಳನ್ನು ಹೋಲಿಸುತ್ತಿಲ್ಲ, ಎರಡು ಬೇರೆ ಬೇರೆ ಆಪ್‌ಗಳನ್ನು ಹೋಲಿಸುತ್ತಿದ್ದೀರಿ. ಹುಡುಗರಿಗೆ ಕೊಟ್ಟ ಅದೇ ಫೈಲನ್ನು ಎಮ್ಯುಲೇಟರ್‌ನಲ್ಲಿ ಹಾಕಿ ನೋಡಿ. ಅಲ್ಲೂ ಕೆಟ್ಟರೆ ಪಾಪ, ಫೋನಿನದು ಏನೂ ತಪ್ಪಿಲ್ಲ.

ರಿಲೀಸ್‌ನಲ್ಲಿ ಕೋಡ್ ಕುಗ್ಗಿಸುವ ಆಯ್ಕೆ ಆನ್ ಮಾಡಿದ್ದರೆ ಆರ್8 ಅನ್ನುವ ಉಪಕರಣ ನಿಮ್ಮ ಕ್ಲಾಸ್‌ಗಳ, ಫೀಲ್ಡ್‌ಗಳ ಹೆಸರನ್ನು ಎ, ಬಿ, ಸಿ ಅಂತ ಚಿಕ್ಕದು ಮಾಡುತ್ತದೆ. ಸರ್ವರ್‌ನ ಉತ್ತರ ಬಿಡಿಸುವ ಜೀಸನ್‌ನಂಥ (Gson) ಲೈಬ್ರರಿ ಅದರಲ್ಲಿ ಬಂದ ಹೆಸರಿಗೂ ಫೀಲ್ಡಿನ ಹೆಸರಿಗೂ ತಾಳೆ ನೋಡುತ್ತದೆ. ಹೆಸರೇ ಬದಲಾದ ಮೇಲೆ ತಾಳೆ ಎಲ್ಲಿಂದ ಬರಬೇಕು? ಆಪ್ ಬೀಳುವುದಿಲ್ಲ, ಲಾಗ್‌ನಲ್ಲಿ ಕೆಂಪು ಸಾಲೂ ಇರುವುದಿಲ್ಲ. ಪಟ್ಟಿ ಮಾತ್ರ ಖಾಲಿ ಬರುತ್ತದೆ. ಆ ಡೇಟಾ ಕ್ಲಾಸ್‌ಗಳನ್ನು ಹೆಸರು ಬದಲಿಸಬೇಡ ಅನ್ನುವ ಕೀಪ್ ನಿಯಮದಲ್ಲಿ ಸೇರಿಸಿದರೆ ಸರಿಹೋಗುತ್ತದೆ. ಆಪ್ ಕಟ್ಟಲು ಫ್ಲಟರ್ ಅನ್ನುವ ಸಾಧನ ಬಳಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್ನೊಂದು ನೋಡಿಕೊಳ್ಳಿ. ಅಲ್ಲಿ ಇಂಟರ್ನೆಟ್ ಅನುಮತಿಯ ಸಾಲು ಡಿಬಗ್‌ನ ಮ್ಯಾನಿಫೆಸ್ಟ್‌ನಲ್ಲಿ (ಆಪ್‌ಗೆ ಬೇಕಾದ ಅನುಮತಿಗಳನ್ನು ಬರೆಯುವ ಫೈಲ್) ತಾನಾಗಿಯೇ ಇರುತ್ತದೆ, ಮುಖ್ಯ ಮ್ಯಾನಿಫೆಸ್ಟ್‌ನಲ್ಲಿ ನಾವೇ ಬರೆಯಬೇಕು.

ಸರ್ವರ್ ವಿಳಾಸವನ್ನೂ ಒಮ್ಮೆ ನೋಡಿ. 10.0.2.2 ಅನ್ನುವುದು ಎಮ್ಯುಲೇಟರ್‌ನ ಒಳಗಿನಿಂದ ನಿಮ್ಮ ಕಂಪ್ಯೂಟರ್ ತಲುಪುವ ದಾರಿ. ನಿಜವಾದ ಫೋನಿಗೆ ಆ ದಾರಿ ಇಲ್ಲ. 2018ರ ಆಂಡ್ರಾಯ್ಡ್ 9ರಿಂದ ಎಸ್ ಇಲ್ಲದ ಬರೀ ಎಚ್‌ಟಿಟಿಪಿ ವಿಳಾಸಗಳನ್ನೂ ಸುಮ್ನೆ ಬಿಡುವುದಿಲ್ಲ.

ಈಗ ನಿಮ್ಮ ಮೊದಲ ತೊಂದರೆಗೆ ಬರುತ್ತೇನೆ. ಎಲ್ಲರಿಗೂ ಸರಿ, ಇಬ್ಬರಿಗೆ ಮಾತ್ರ 400. ಇದನ್ನು ಓದಿದ ತಕ್ಷಣ ನನಗೆ ನಿಪ್ಪಾಣಿ ನೆನಪಾಯಿತು.

ನಾವು ಹೊಲದ ಬೆಳೆ ಮಾಹಿತಿ ದಾಖಲಿಸುವ ಒಂದು ಆಪ್ ಮಾಡಿದ್ದೆವು. ಹಳ್ಳಿ ಹಳ್ಳಿ ಸುತ್ತುವ ಹುಡುಗರು ಬಳಸುತ್ತಿದ್ದರು. ಇಂಗ್ಲಿಷ್‌ನಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ ಎಲ್ಲ ಟೆಸ್ಟ್ ಮಾಡಿ ಕೊಟ್ಟಿದ್ದೆವು. ನಿಪ್ಪಾಣಿ ಕಡೆಯ ಇಬ್ಬರದು ಮಾತ್ರ ಒಂದು ದಾಖಲೆಯೂ ಸೇವ್ ಆಗುತ್ತಿರಲಿಲ್ಲ. ವಿಚಾರಿಸಿದರೆ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಮಾಡೆಲ್ ಫೋನ್ ಕೊಂಡಿದ್ದಾರೆ. ಇನ್ನೇನು ಬೇಕು, ಆ ಮಾಡೆಲ್‌ನದೇ ದೋಷ ಅಂತ ನಾವು ಗಟ್ಟಿ ಮಾಡಿಕೊಂಡೆವು. ಅದೇ ಮಾಡೆಲ್‌ನ ಇನ್ನೊಂದು ಫೋನ್ ತರಿಸಿ ಓಡಿಸಿದೆವು. ನಮ್ಮ ಕೈಯಲ್ಲಿ ಅದು ಚೆನ್ನಾಗಿಯೇ ಓಡಿತು. ಎರಡು ದಿನ ಅಲ್ಲೇ ಹೋಯಿತು.

ಕೊನೆಗೆ ಆಂಡ್ರಾಯ್ಡ್ ಆವೃತ್ತಿ ನೋಡೋಣ ಅಂತ ಅವರಲ್ಲಿ ಒಬ್ಬರಿಗೆ ಫೋನ್ ಮಾಡಿದೆ. "ಸೆಟ್ಟಿಂಗ್ಸ್‌ನಲ್ಲಿ ಕೊನೆಗೆ ಹೋಗಿ ಒಂದು ಸ್ಕ್ರೀನ್‌ಶಾಟ್ ಕಳಿಸ್ತೀರಾ ಅಣ್ಣಾ?" ಅಂದೆ. ಕಳಿಸಿದರು. ಆವೃತ್ತಿ ನಮ್ಮದೇ, ಅದರಲ್ಲಿ ಏನೂ ಇರಲಿಲ್ಲ. ಆದರೆ ಇಡೀ ಪರದೆ ಮರಾಠಿಯಲ್ಲಿತ್ತು.

ನಿಪ್ಪಾಣಿ ಕಡೆ ಮನೆಯಲ್ಲಿ ಮರಾಠಿ ಮಾತಾಡುವವರು ಜಾಸ್ತಿ. ಫೋನನ್ನೂ ಮರಾಠಿಯಲ್ಲಿ ಇಟ್ಟುಕೊಂಡಿರುತ್ತಾರೆ. ನಾನು ಎಮ್ಯುಲೇಟರ್‌ನ ಭಾಷೆಯನ್ನು ಮರಾಠಿಗೆ ಬದಲಿಸಿ ಒಂದು ದಾಖಲೆ ಸೇವ್ ಮಾಡಿದೆ. ಮೊದಲ ಸಲಕ್ಕೇ 400 ಬಂತು. ಸರ್ವರ್‌ಗೆ ಹೋದ ಸಾಲನ್ನು ಬಿಡಿಸಿ ನೋಡಿದರೆ ದಿನಾಂಕದ ಒಂದೊಂದು ಅಂಕಿಯೂ ದೇವನಾಗರಿಯಲ್ಲಿತ್ತು. ವರ್ಷ ಸರಿ, ತಿಂಗಳು ಸರಿ, ನಡುವಿನ ಅಡ್ಡಗೆರೆಯೂ ಸರಿ. ಆದರೆ 0 ಇಂದ 9ರವರೆಗಿನ ಅಂಕಿಗಳನ್ನು ಮಾತ್ರ ಓದಬಲ್ಲ ಸರ್ವರ್‌ಗೆ ಅದು ದಿನಾಂಕವೇ ಅಲ್ಲ.

ಕಾರಣ ಇಷ್ಟು. ದಿನಾಂಕವನ್ನು ಅಕ್ಷರಕ್ಕೆ ಇಳಿಸುವಾಗ ಯಾವ ಭಾಷೆ ಅಂತ ನಾವು ಹೇಳದಿದ್ದರೆ ಸಿಂಪಲ್ ಡೇಟ್ ಫಾರ್ಮ್ಯಾಟ್ ಆಗಲಿ, ಸ್ಟ್ರಿಂಗ್ ಫಾರ್ಮ್ಯಾಟ್ ಆಗಲಿ ಫೋನಿನ ಭಾಷೆಯನ್ನೇ ಹಿಡಿಯುತ್ತದೆ. ಯಾವ ಭಾಷೆಗೆ ಯಾವ ಅಂಕಿ ಅನ್ನುವ ಪಟ್ಟಿ ಯೂನಿಕೋಡ್‌ನವರ ಸಿಎಲ್‌ಡಿಆರ್ ಅನ್ನುವ ಭಾಷಾ ಮಾಹಿತಿ ಕೋಶದಲ್ಲಿದೆ. ಕನ್ನಡಕ್ಕೆ ಸ್ವಂತ ಅಂಕಿಗಳಿದ್ದರೂ ಅಲ್ಲಿ ಕನ್ನಡಕ್ಕೂ ಹಿಂದಿಗೂ ಸಾಮಾನ್ಯವಾಗಿ ಬರುವುದು 1, 2, 3 ಇವೇ. ಮರಾಠಿ, ನೇಪಾಳಿ, ಬಂಗಾಳಿಗೆ ಆಯಾ ಲಿಪಿಯ ಅಂಕಿ ಬರುತ್ತದೆ. ಅದಕ್ಕೇ ನಮ್ಮ ಕನ್ನಡದ ಟೆಸ್ಟ್, ಹಿಂದಿಯ ಟೆಸ್ಟ್ ಎರಡೂ ಪಾಸಾಗಿದ್ದವು. ಸರ್ವರ್‌ಗೆ ಕಳಿಸುವ ದಿನಾಂಕಕ್ಕೆ, ಸಂಖ್ಯೆಗೆ, ಫೈಲ್ ಹೆಸರಿಗೆ ಲೊಕೇಲ್ ರೂಟ್ ಅಂತ, ಅಂದರೆ ಯಾವ ಭಾಷೆಗೂ ಸೇರದ ರೂಪ ಅಂತ ಕೊಟ್ಟುಬಿಡಿ. ಪರದೆಯ ಮೇಲೆ ತೋರಿಸುವಾಗ ಮಾತ್ರ ಬಳಸುವವರ ಭಾಷೆ ಇರಲಿ. ಅವರ ಅಂಕಿ ಅವರಿಗೆ ಕಾಣಬೇಕು, ಅದು ಅವರ ಹಕ್ಕು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಕೋಡ್‌ನ ತಪ್ಪು ಹುಡುಕುವ ಲಿಂಟ್ ಇಂಥ ಸಾಲಿನ ಮೇಲೆ ಹಳದಿ ಎಚ್ಚರಿಕೆ ಕೊಡುತ್ತದೆ. ದಯವಿಟ್ಟು ಅದನ್ನು ಮುಚ್ಚಿಹಾಕಬೇಡಿ.

ನಿಮ್ಮದೂ ಇದೇ ಅಂತ ಖಚಿತವಾಗಿ ಹೇಳಲಾರೆ. ಆದರೆ ಊರು ಬೆಳಗಾವಿ, ಕೆಡುತ್ತಿರುವುದು ಇಬ್ಬರದು ಮಾತ್ರ, ಉತ್ತರ 400. ನಾನಾಗಿದ್ದರೆ ಮೊದಲು ಅವರ ಫೋನಿನ ಭಾಷೆ ಕೇಳುತ್ತಿದ್ದೆ.

ಎರಡನೆಯದು, ಜೇಬಿನಲ್ಲಿದ್ದಾಗ ಆರ್ಡರ್ ತಡವಾಗುವುದು. ಇಲ್ಲಿ ನಿಮಗೆ ಮೋಸ ಮಾಡುತ್ತಿರುವುದು ಆ ಕೇಬಲ್. ನೀವು ಲಾಗ್ ನೋಡಲು ಯುಎಸ್‌ಬಿ ಕೇಬಲ್ ಹಾಕುತ್ತೀರಿ. ಕೇಬಲ್ ಹಾಕಿದರೆ ಫೋನ್ ಚಾರ್ಜ್ ಆಗುತ್ತದೆ. ಚಾರ್ಜ್ ಆಗುತ್ತಿರುವ ಫೋನ್ ನಿದ್ದೆಗೆ ಹೋಗುವುದಿಲ್ಲ. ಅಂದರೆ ನೀವು ನೋಡುತ್ತಿರುವಷ್ಟು ಹೊತ್ತು ತೊಂದರೆ ಬರುವುದೇ ಇಲ್ಲ, ಕೇಬಲ್ ಕಿತ್ತ ಮೇಲೆ ಬರುತ್ತದೆ.

ಈ ನಿದ್ದೆಗೆ ಡೋಜ್ ಅಂತ ಹೆಸರು. 2015ರ ಆಂಡ್ರಾಯ್ಡ್ 6ರಲ್ಲಿ ಬಂತು. ಚಾರ್ಜಿಂಗ್ ಇಲ್ಲದೆ, ಪರದೆ ಆರಿ, ಫೋನ್ ಒಂದೇ ಕಡೆ ಅಲುಗಾಡದೆ ಬಿದ್ದಿದ್ದರೆ ಸ್ವಲ್ಪ ಹೊತ್ತಿಗೆ ಆಪ್‌ಗಳ ನೆಟ್‌ವರ್ಕ್ ನಿಲ್ಲುತ್ತದೆ, ಹಿನ್ನೆಲೆಯ ಕೆಲಸಗಳು ಮುಂದಕ್ಕೆ ಹೋಗುತ್ತವೆ. ಮರುವರ್ಷ ಆಂಡ್ರಾಯ್ಡ್ 7ರಲ್ಲಿ ಇದರ ಹಗುರವಾದ ರೂಪವೊಂದು ಸೇರಿತು. ಅದಕ್ಕೆ ಫೋನ್ ಅಲುಗಾಡದೆ ಇರಬೇಕು ಅಂತೇನಿಲ್ಲ, ಗಾಡಿಯಲ್ಲಿ ಓಡಾಡುವವರ ಜೇಬಿನಲ್ಲೂ ಶುರುವಾಗುತ್ತದೆ. ನಿಮ್ಮ ಹುಡುಗರ ಸ್ಥಿತಿ ಇದೇ ಅಲ್ವಾ?

ಇದನ್ನು ಕೇಬಲ್ ಹಾಕಿಕೊಂಡೇ ಟೆಸ್ಟ್ ಮಾಡಬಹುದು. ಎಡಿಬಿ ಶೆಲ್‌ನಲ್ಲಿ (ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ದಾರಿ) "ಡಂಪ್‌ಸಿಸ್ ಬ್ಯಾಟರಿ ಅನ್‌ಪ್ಲಗ್" ಕೊಟ್ಟರೆ ಚಾರ್ಜರ್ ಕಿತ್ತಿದ್ದಾರೆ ಅಂತ ಫೋನ್ ನಂಬುತ್ತದೆ. ಪರದೆ ಆರಿಸಿ "ಡಂಪ್‌ಸಿಸ್ ಡಿವೈಸ್‌ಐಡಲ್ ಫೋರ್ಸ್-ಐಡಲ್" ಕೊಡಿ, ನಿದ್ದೆಗೆ ಹೋಗುತ್ತದೆ. ಈಗ ಒಂದು ಹೊಸ ಆರ್ಡರ್ ಹಾಕಿ ಲಾಗ್ ನೋಡುತ್ತಾ ಕೂತುಕೊಳ್ಳಿ. ಮುಗಿದ ಮೇಲೆ "ಅನ್‌ಫೋರ್ಸ್", ಆಮೇಲೆ "ಬ್ಯಾಟರಿ ರೀಸೆಟ್" ಕೊಡುವುದನ್ನು ಮರೆಯಬೇಡಿ. ಮರೆತರೆ ಚಾರ್ಜರ್ ಹಾಕಿದ್ದರೂ ಹಾಕಿಲ್ಲ ಅಂತಲೇ ಫೋನ್ ತಿಳಿದುಕೊಂಡಿರುತ್ತದೆ. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಾದರೆ ವೈಫೈ ಮೂಲಕವೇ ಡಿಬಗ್ ಮಾಡಬಹುದು. ನನಗೆ ಅದೇ ಇಷ್ಟ, ಕೇಬಲ್‌ನ ಗೊಡವೆಯೇ ಇರುವುದಿಲ್ಲ.

ಪರಿಹಾರ ಏನು ಅಂದರೆ, ನಿಮಿಷಕ್ಕೊಮ್ಮೆ ಸರ್ವರನ್ನು ಕೇಳುವ ಟೈಮರ್ ಇಟ್ಟಿದ್ದರೆ ತೆಗೆದುಬಿಡಿ. ಹಿನ್ನೆಲೆಯ ಕೆಲಸಗಳನ್ನು ಓಡಿಸುವ ವರ್ಕ್‌ಮ್ಯಾನೇಜರ್‌ನಲ್ಲೂ ಪದೇ ಪದೇ ಓಡುವ ಕೆಲಸಕ್ಕೆ 15 ನಿಮಿಷಕ್ಕಿಂತ ಕಡಿಮೆ ಅಂತರ ಸಿಗುವುದಿಲ್ಲ. ಹೊಸ ಆರ್ಡರ್ ಬಂತು ಅನ್ನುವುದನ್ನು ಸರ್ವರ್‌ನಿಂದಲೇ ಗೂಗಲ್‌ನ ಫೈರ್‌ಬೇಸ್ ಸೇವೆಯ ಮೂಲಕ ಹೈ ಪ್ರಯಾರಿಟಿ ಸಂದೇಶವಾಗಿ ಕಳಿಸಿ. ಅದು ನಿದ್ದೆಯಲ್ಲಿರುವ ಫೋನನ್ನೂ ಎಬ್ಬಿಸುವುದಕ್ಕೆಂದೇ ಇದೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಬಳಸುವವರ ಅನುಮತಿ ಕೇಳಬೇಕು, ಅದನ್ನು ಕೇಳಿದ್ದೀರಾ ನೋಡಿ. ಇದರ ಮೇಲೆ ಕೆಲವು ಫೋನುಗಳಲ್ಲಿ ತಯಾರಕರೇ ಹಾಕಿದ ಬ್ಯಾಟರಿ ಉಳಿಸುವ ವ್ಯವಸ್ಥೆ ಇರುತ್ತದೆ, ಅದು ಇನ್ನೂ ಬಿಗಿ. ಅದಕ್ಕೆ ಕೋಡ್‌ನಲ್ಲಿ ಪೂರ್ತಿ ಮದ್ದಿಲ್ಲ. ಬಳಸುವವರೇ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಆಪ್‌ಗೆ ವಿನಾಯಿತಿ ಕೊಡಬೇಕು. ಹೇಗೆ ಅಂತ ಚಿತ್ರ ಹಾಕಿ ಅವರ ಭಾಷೆಯಲ್ಲಿ ಒಂದು ಪುಟ ಆಪ್‌ನಲ್ಲೇ ಇಡಿ. ಹುಡುಗರು ಓದುತ್ತಾರೆ. ಆರ್ಡರ್ ತಪ್ಪಿದರೆ ನಷ್ಟ ಅವರಿಗೇ ತಾನೇ.

ಮೂರನೆಯದು ಫೋಟೋ. ಕ್ಯಾಮೆರಾ ತೆರೆದ ಕೂಡಲೇ ನಿಮ್ಮ ಆಪ್ ಹಿನ್ನೆಲೆಗೆ ಹೋಗುತ್ತದೆ. ಕ್ಯಾಮೆರಾಕ್ಕೆ ಮೆಮೊರಿ ಜಾಸ್ತಿ ಬೇಕು. ಹಳೆಯ ಫೋನಿನಲ್ಲಿ ಅಷ್ಟು ಜಾಗ ಇರುವುದಿಲ್ಲ, ಹಾಗಾಗಿ ವ್ಯವಸ್ಥೆ ನಿಮ್ಮ ಆಪನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ವಾಪಸ್ ಬಂದಾಗ ಕಾಣುವುದು ಹೊಸದಾಗಿ ಎದ್ದ ಆಪ್. ಅದಕ್ಕೆ ಹಿಂದಿನದು ಯಾವುದೂ ನೆನಪಿಲ್ಲ. ಇದನ್ನು ಹಿಡಿಯುವುದು ಸುಲಭ. ಫಾರ್ಮ್ ತುಂಬಿ, ಕ್ಯಾಮೆರಾ ತೆರೆದು, ಆಗ ಎಡಿಬಿ ಶೆಲ್‌ನಿಂದ "ಎಎಂ ಕಿಲ್" ಜೊತೆಗೆ ನಿಮ್ಮ ಪ್ಯಾಕೇಜ್ ಹೆಸರು ಕೊಡಿ. ಆಮೇಲೆ ಫೋಟೋ ತೆಗೆದು ವಾಪಸ್ ಬನ್ನಿ. ಡೆವಲಪರ್ ಆಯ್ಕೆಗಳಲ್ಲಿ "ಡೋಂಟ್ ಕೀಪ್ ಆಕ್ಟಿವಿಟೀಸ್" ಇದೆಯಲ್ಲ ಅಂತ ನೀವು ಕೇಳಬಹುದು. ಅದು ಪರದೆಯನ್ನು ಮಾತ್ರ ಅಳಿಸುತ್ತದೆ, ಪ್ರಕ್ರಿಯೆ ಬದುಕಿಯೇ ಇರುತ್ತದೆ. ಸಿಂಗಲ್‌ಟನ್‌ನಲ್ಲಿ (ಪ್ರಕ್ರಿಯೆ ಇರುವವರೆಗೂ ಮೆಮೊರಿಯಲ್ಲಿ ಇರುವ ವಸ್ತು) ಇಟ್ಟ ಮಾಹಿತಿ ಉಳಿದುಕೊಂಡು ಎಲ್ಲ ಸರಿ ಅನ್ನಿಸಿಬಿಡುತ್ತದೆ.

ತುಂಬಿದ ಮಾಹಿತಿಯನ್ನೂ ಫೋಟೋ ಹೋಗಿ ಕೂರುವ ಫೈಲಿನ ದಾರಿಯನ್ನೂ ಕ್ಯಾಮೆರಾ ತೆರೆಯುವ ಮೊದಲೇ ಸೇವ್ಡ್ ಸ್ಟೇಟ್ ಹ್ಯಾಂಡಲ್‌ನಲ್ಲಿ (ವ್ಯವಸ್ಥೆ ಆಪ್ ನಿಲ್ಲಿಸಿದರೂ ಉಳಿಯುವ ಜಾಗ) ಉಳಿಸಿ. ಫೋಟೋವನ್ನು ಇದ್ದ ಗಾತ್ರದಲ್ಲೇ ಮೆಮೊರಿಗೆ ತೆಗೆದುಕೊಳ್ಳಬೇಡಿ. 4000 ಅಡ್ಡ, 3000 ಉದ್ದದ ಚಿತ್ರ ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ಒಂದಕ್ಕೆ 4 ಬೈಟ್‌ನಂತೆ 48 ಎಂಬಿ, ಒಂದೇ ಚಿತ್ರಕ್ಕೆ. ಡಿಸ್ಕ್‌ನಲ್ಲಿ ಆ ಫೈಲ್ ಎಷ್ಟು ಚಿಕ್ಕದಿದ್ದರೂ ಬಿಡಿಸಿದ ಮೇಲೆ ಇಷ್ಟಾಗುತ್ತದೆ. ಎಮ್ಯುಲೇಟರ್‌ನ ಕೃತಕ ಕ್ಯಾಮೆರಾದಲ್ಲಿ ಈ ಭಾರ ನಿಮಗೆ ಗೊತ್ತೇ ಆಗುವುದಿಲ್ಲ.

ಲೊಕೇಶನ್ ಬಳಸುತ್ತಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಬಳಸುತ್ತಿದ್ದರೆ ಒಂದು ಮಾತು. ಎಮ್ಯುಲೇಟರ್ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿದ್ದೇನೆ ಅಂತ ಕೇಳಿದ ತಕ್ಷಣ ಹೇಳುತ್ತದೆ. ಮನೆಯೊಳಗಿರುವ ಫೋನಿಗೆ ಜಿಪಿಎಸ್ ಸಿಗಲು ಸಮಯ ಬೇಕು, ಕೊನೆಯ ಸ್ಥಳ ಕೇಳಿದರೆ ನಲ್, ಅಂದರೆ ಏನೂ ಇಲ್ಲ ಅಂತ ಬರಬಹುದು.

ಹುಡುಗರಿಂದ ಮಾಹಿತಿ ತರಿಸಿಕೊಳ್ಳುವ ಬಗ್ಗೆಯೂ ಸ್ವಲ್ಪ ಹೇಳಬೇಕು, ನಿಪ್ಪಾಣಿಯ ಆ ಎರಡು ದಿನ ಹೋಗಿದ್ದು ಅದಿಲ್ಲದೆಯೇ. "ಏನು ಎರರ್ ಬಂತು?" ಅಂತ ಕೇಳಿದರೆ "ಆಗ್ತಿಲ್ಲ ಸರ್" ಅನ್ನುವ ಉತ್ತರವೇ ಬರುತ್ತದೆ. ಅವರ ತಪ್ಪಲ್ಲ, ನಾವು ಅವರಿಗೆ ಕೊಟ್ಟಿರುವ ಪರದೆಯಲ್ಲಿ ಅಷ್ಟೇ ಇರುತ್ತದೆ. ಆಪ್‌ನಲ್ಲಿ "ತೊಂದರೆ ತಿಳಿಸಿ" ಅಂತ ಒಂದು ಬಟನ್ ಇಡಿ. ಒತ್ತಿದರೆ ಆಪ್ ಆವೃತ್ತಿ, ಆಂಡ್ರಾಯ್ಡ್ ಆವೃತ್ತಿ, ಫೋನ್ ಮಾಡೆಲ್, ಫೋನಿನ ಭಾಷೆ, ಉಳಿದಿರುವ ಜಾಗ, ಬ್ಯಾಟರಿ ವಿನಾಯಿತಿ ಇದೆಯೋ ಇಲ್ಲವೋ, ಕೊನೆಯ 50 ಲಾಗ್ ಸಾಲು ಇಷ್ಟು ವಾಟ್ಸಾಪ್‌ನಲ್ಲಿ ನಿಮಗೆ ಬರಲಿ. ಗಿರಾಕಿಗಳ ಹೆಸರು, ನಂಬರ್ ಮಾತ್ರ ಆ ಲಾಗ್‌ನಲ್ಲಿ ಸೇರದಂತೆ ನೋಡಿಕೊಳ್ಳಿ. ಆಪ್ ಬಿದ್ದಾಗಿನ ವಿವರಕ್ಕೆ ಕ್ರಾಶ್‌ಲಿಟಿಕ್ಸ್ ಹಾಕಿ. ಆರ್8 ಬಳಸಿದ್ದರೆ ಪ್ರತಿ ಬಿಲ್ಡ್‌ನ ಮ್ಯಾಪಿಂಗ್ ಫೈಲನ್ನೂ (ಯಾವ ಹೆಸರು ಏನಾಯಿತು ಅನ್ನುವ ಪಟ್ಟಿ) ಜೋಪಾನವಾಗಿಡಿ. ಅದಿಲ್ಲದಿದ್ದರೆ ಬಂದ ವಿವರದಲ್ಲೂ ಬರೀ ಎ, ಬಿ, ಸಿ.

ಇವತ್ತು ಮೊದಲು ಆ ಇಬ್ಬರಿಗೆ ಫೋನ್ ಮಾಡಿ, ಸೆಟ್ಟಿಂಗ್ಸ್‌ನ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಅವರ ಭಾಷೆ ಇಂಗ್ಲಿಷೋ ಕನ್ನಡವೋ ಆಗಿದ್ದರೆ ನನ್ನ ಊಹೆ ತಪ್ಪು. ಆಗ ಆ 400 ಬಂದ ವಿನಂತಿಯಲ್ಲಿ ಸರ್ವರ್‌ಗೆ ಏನು ಹೋಗಿದೆ ಅನ್ನುವುದನ್ನು ಇದ್ದದ್ದು ಇದ್ದಂತೆ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.